ಇಟ್ಟುಕೊಳ್ಳುವ ಅನುಮತಿ: ಮೊಬೈಲ್ ಕಲಿಕೆ ಮತ್ತು ಮರುಬಳಕೆಯ ಸಾಮಗ್ರಿ ಕುರಿತು ಒಂದು ಟಿಪ್ಪಣಿ

ಡಿಜಿಟಲ್ ಪಾಠಸಾಮಗ್ರಿಯ ‘ಮರುಬಳಕೆ’ ಎಂಬ ಮಾತು ಹುಟ್ಟಿದ್ದು ಪಾಠ ತಯಾರಿಸುವವರ ನಡುವೆ. ಒಮ್ಮೆ ಮಾಡಿಟ್ಟ ಚಿತ್ರ, ವಿಡಿಯೊ, ಅಭ್ಯಾಸಗಳನ್ನು ಬೇರೆ ಬೇರೆ ಕೋರ್ಸ್‌ಗಳಲ್ಲಿ ಜೋಡಿಸಿಕೊಂಡರೆ ಶ್ರಮವೂ ಖರ್ಚೂ ಉಳಿಯುತ್ತವೆ ಎಂಬುದು 1990ರ ದಶಕದ ‘ಕಲಿಕಾ ವಸ್ತು’ ಪರಿಕಲ್ಪನೆಯ ಎಣಿಕೆ. ಅವುಗಳನ್ನು ಲೆಗೊ ಆಟದ ತುಂಡುಗಳಿಗೆ ಹೋಲಿಸುವುದು ರೂಢಿಯಾಗಿತ್ತು. ಅಮೆರಿಕದ ಶಿಕ್ಷಣ ಸಂಶೋಧಕ ಡೇವಿಡ್ ವೈಲಿ ಈ ಹೋಲಿಕೆಯನ್ನು ಒಪ್ಪಲಿಲ್ಲ. ಪಾಠವೊಂದು ತನ್ನ ಸಂದರ್ಭದೊಳಗೆ ಬೇರೂರಿದಷ್ಟೂ ಚೆನ್ನಾಗಿ ಅರ್ಥವಾಗುತ್ತದೆ. ಅಷ್ಟೇ ಮಟ್ಟಿಗೆ ಇನ್ನೊಂದೆಡೆಗೆ ಒಗ್ಗದೆ ಹೋಗುತ್ತದೆ. ಇದನ್ನು ಅವರು ಮರುಬಳಕೆಯ ವಿರೋಧಾಭಾಸವೆಂದು ಗುರುತಿಸಿದರು. ಈ ಚರ್ಚೆಯಲ್ಲಿ ಜೋಡಿಸುವ ಕೈ ಬಹುಮಟ್ಟಿಗೆ ಶಿಕ್ಷಕರದು ಇಲ್ಲವೇ ವಿನ್ಯಾಸಕಾರರದು. ಅದೇ ಕೆಲಸ ವಿದ್ಯಾರ್ಥಿಯ ಕೈಗೆ ಬಂದರೆ ಏನಾಗುತ್ತದೆ ಎಂಬುದು ಇಲ್ಲಿಯ ಪ್ರಶ್ನೆ.

ಎರಡು ಮಾದರಿಗಳನ್ನು ನೋಡಬಹುದು. 2017ರಲ್ಲಿ ಆರಂಭವಾದ ‘ದೀಕ್ಷಾ’ ಎಂಬ ಡಿಜಿಟಲ್ ಕಲಿಕಾ ವೇದಿಕೆಯಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಯಾ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ, ಕರ್ನಾಟಕದ ಪಠ್ಯಪುಸ್ತಕಗಳಲ್ಲೂ ಇಂಥ ಕೋಡ್‌ಗಳಿವೆ. ಇಲ್ಲಿ ಸಂದರ್ಭ ಪುಸ್ತಕದ್ದು, ಕ್ರಮ ಪಠ್ಯಕ್ರಮದ್ದು. ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಎಂಬ ಕಂಪ್ಯೂಟರ್ ಪರದೆಯ ಪ್ರಯೋಗಗಳ ರೀತಿ ಬೇರೆ. ಅದರ ವಿದ್ಯುನ್ಮಂಡಲದ ಪರದೆಯ ಮೇಲೆ ಬ್ಯಾಟರಿ, ಬಲ್ಬು, ತಂತಿ ಇರುತ್ತವೆ. ಮೊದಲು ಏನು ಮಾಡಬೇಕೆಂದು ಬರೆದಿರುವುದಿಲ್ಲ. ತಂತಿಯನ್ನು ಬ್ಯಾಟರಿಯ ಎರಡೂ ತುದಿಗೆ ನೇರವಾಗಿ ಕೊಟ್ಟರೆ ಪರದೆಯಲ್ಲೇ ಬೆಂಕಿ ಕಾಣಿಸುತ್ತದೆ. ಪ್ರಯೋಗದ ಕ್ರಮ ಆಡುವವರದು, ತಪ್ಪೂ ಅವರದೇ.

ವಿದ್ಯಾರ್ಥಿ ತನ್ನ ಕಲಿಕೆಯನ್ನು ರೂಪಿಸಿಕೊಳ್ಳುವುದೆಂದರೆ ಹೊಸ ಪಾಠ ತಯಾರಿಸುವುದು ಎಂದಾಗಬೇಕಿಲ್ಲ. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹುಡುಗಿಯನ್ನು ನೆನೆಯಿರಿ. ಅವಳು ಕನ್ನಡದ ವಿವರಣೆಯನ್ನು ಮೊದಲು ಕೇಳಿ, ಇಂಗ್ಲಿಷ್ ಪುಸ್ತಕದ ಪುಟಕ್ಕೆ ಹೋಗಿ, ತೊಡಕಾದಲ್ಲಿ ವಿಡಿಯೊ ಹಿಂದೆ ಸರಿಸಿ, ಸೂತ್ರವಿರುವ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬಹುದು. ಈ ಸಾಮಗ್ರಿಗಳನ್ನೆಲ್ಲ ಬೇರೆ ಬೇರೆಯವರು ಮಾಡಿದ್ದಾರೆ. ಹೊಸದು ಅವುಗಳ ಸರಣಿ ಮಾತ್ರ. ವೈಲಿ ಹೇಳಿದ ವಿರೋಧಾಭಾಸ ಇಲ್ಲಿ ಸಡಿಲವಾಗುತ್ತದೆ. ಏಕೆಂದರೆ ಪಾಠಕ್ಕೆ ಬೇಕಾದ ಸಂದರ್ಭವನ್ನು ಕಲಿಯುವವಳೇ ಒದಗಿಸುತ್ತಿದ್ದಾಳೆ.

ಆದರೆ ಸರಣಿ ಉಳಿಯಬೇಕಾದರೆ ಸಾಮಗ್ರಿ ಕೈಯಲ್ಲಿ ಉಳಿಯಬೇಕು. ಮುಕ್ತ ಸಾಮಗ್ರಿಗೆ ಮರುಬಳಸುವ, ತಿದ್ದುವ, ಬೆರೆಸುವ, ಹಂಚುವ ಅನುಮತಿಗಳಿರಬೇಕೆಂದಿದ್ದ ವೈಲಿ 2014ರಲ್ಲಿ ಐದನೆಯದಾಗಿ ‘ಇಟ್ಟುಕೊಳ್ಳುವ’ ಅನುಮತಿಯನ್ನು ಸೇರಿಸಿದರು. ಅವರ ಮನಸ್ಸಿನಲ್ಲಿದ್ದುದು ಪರವಾನಗಿ. ನಮ್ಮ ಹಳ್ಳಿಗಳಲ್ಲಿ ಅದು ಫೋನಿನ ಒಡೆತನದ ಪ್ರಶ್ನೆಯೂ ಹೌದು. 14ರಿಂದ 18 ವರ್ಷದ ಗ್ರಾಮೀಣ ಯುವಜನರ ಕುರಿತ 2023ರ ‘ಅಸರ್’ ಸಮೀಕ್ಷೆಯಂತೆ ಸುಮಾರು ಶೇ 90 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಅದನ್ನು ಬಳಸಬಲ್ಲವರ ಪೈಕಿ ಸ್ವಂತ ಫೋನ್ ಇರುವುದು ಹುಡುಗರಲ್ಲಿ ಶೇ 43.7ರಷ್ಟು ಮಂದಿಗೆ, ಹುಡುಗಿಯರಲ್ಲಿ ಶೇ 19.8ರಷ್ಟು ಮಂದಿಗೆ. ಅಪ್ಪನದೋ ಅಣ್ಣನದೋ ಫೋನಿನಲ್ಲಿ ಓದುವವಳಿಗೆ ಇಳಿಸಿಟ್ಟ ವಿಡಿಯೊ ನಾಳೆಯೂ ಇರುತ್ತದೆಂಬ ಭರವಸೆ ಇಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಫೋನ್ ಕೈಗೆ ಬಂದ ಮಾತ್ರಕ್ಕೆ ಕಲಿಕೆ ಸ್ವಂತದ್ದಾಗುವುದಿಲ್ಲ. 2024ರ ‘ಅಸರ್’ನಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16 ವರ್ಷದವರಲ್ಲಿ ಹಿಂದಿನ ವಾರ ಫೋನನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಓದಿಗೆ ಬಳಸಿದವರಲ್ಲಿಯೂ ಶಿಕ್ಷಕರು ಕಳಿಸಿದ್ದನ್ನು ನೋಡಿದವರೆಷ್ಟು, ತಾವೇ ಹುಡುಕಿ ಜೋಡಿಸಿಕೊಂಡವರೆಷ್ಟು ಎಂಬುದನ್ನು ಈ ಅಂಕಿಯಿಂದ ಬಿಡಿಸಲಾಗದು.

ಆದ್ದರಿಂದ ಸಾಮಗ್ರಿಯ ಗುಣವನ್ನು ಅಳೆಯುವಾಗ ‘ಎಷ್ಟು ಜನ ನೋಡಿದರು’ ಎಂಬುದಕ್ಕಿಂತ ‘ಇದನ್ನು ಹೇಗೆ ಉಳಿಸಿಕೊಳ್ಳಬಹುದು’ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಫೆಟ್‌ನ ಪ್ರಯೋಗವೊಂದನ್ನು ಒಂದೇ ಕಡತವಾಗಿ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಪೆನ್‌ಡ್ರೈವ್‌ಗೋ ಮೆಮೊರಿ ಕಾರ್ಡಿಗೋ ಹಾಕಿ ಶಾಲೆಯ ಕಂಪ್ಯೂಟರಿಗೂ ಒಯ್ಯಬಹುದು. ಎರವಲು ಫೋನಿನವಳಿಗೆ ಹೊಂದುವ ಮರುಬಳಕೆ ಅಂಥದ್ದು.