ಲಾಗಿನ್ ಆಗ್ತಿಲ್ವಾ? ಎಲ್ಲದಕ್ಕೂ ‘ಸರ್ವರ್ ಡೌನ್’ ಕಾರಣ ಅಲ್ಲ. ವಿದ್ಯಾರ್ಥಿಗಳು ನೋಡಬೇಕಾದ್ದು ಏನು?

ಧಾರವಾಡ: ಪರೀಕ್ಷಾ ಶುಲ್ಕ ಕಟ್ಟುವ ಕೊನೇ ದಿನ ಹತ್ತಿರ ಬಂತೆಂದರೆ ಸಪ್ತಾಪುರದ ಝೆರಾಕ್ಸ್ ಅಂಗಡಿಗಳಲ್ಲಿ, ಕಾಲೇಜು ಕಚೇರಿಯ ಕಿಟಕಿ ಮುಂದೆ ಒಂದೇ ಮಾತು: “ಸರ, ಲಾಗಿನ್ ಆಗವಲ್ದು ನೋಡ್ರಿ.” ಬರುವ ಉತ್ತರವೂ ಒಂದೇ: “ಸರ್ವರ್ ಡೌನ್ ಐತಿ, ನಾಳೆ ಬಾ.” ನವಲಗುಂದ, ಕಲಘಟಗಿ, ಅಳ್ನಾವರದಿಂದ ಬಸ್ ಹತ್ತಿ ಬಂದವರಿಗೆ ಆ ‘ನಾಳೆ’ ಅಂದರೆ ಇನ್ನೊಂದು ದಿನದ ಕ್ಲಾಸು, ಕೆಲವೊಮ್ಮೆ ದಂಡ ಶುಲ್ಕ.

ಸರ್ವರ್ ನಿಜವಾಗಿಯೂ ಡೌನ್ ಆಗುವುದುಂಟು. ಕೊನೇ ದಿನ ಎಲ್ಲರೂ ಒಟ್ಟಿಗೆ ಮುಗಿಬಿದ್ದರೆ ಆಗದೇ ಇರುತ್ತದೆಯೇ? ಆದರೆ ಲಾಗಿನ್ ಸಮಸ್ಯೆಗಳಲ್ಲಿ ಬಹಳಷ್ಟು ಸರ್ವರ್‌ಗೆ ಸಂಬಂಧಪಟ್ಟವೇ ಅಲ್ಲ. ನೆಟ್‌ವರ್ಕ್‌ಗೆ ಸೇರುವುದು ಒಂದು ಹಂತ. ‘ನೀನು ಯಾರು’ ಅನ್ನುವುದನ್ನು ಒಪ್ಪಿಸುವುದು ಎರಡನೇದು. ‘ನಿನಗೆ ಇದನ್ನು ನೋಡಲು ಅನುಮತಿ ಇದೆಯಾ’ ಅನ್ನುವುದು ಮೂರನೇದು. ಯಾವ ಹಂತದಲ್ಲಿ ನಿಂತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಗೊತ್ತಾಗಲು ಪರದೆ ಮೇಲೆ ಬಂದ ಸಾಲನ್ನು ಪೂರ್ತಿ ಓದಬೇಕು. ಅದನ್ನೇ ಯಾರೂ ಮಾಡುವುದಿಲ್ಲ.

ಪರದೆ ಮೇಲೆ ಏನು ಬಂತು?

401 ಎಂಬ ಸಂಖ್ಯೆ ಬಂದರೆ ನಿಮ್ಮ ಗುರುತನ್ನು ವ್ಯವಸ್ಥೆ ಒಪ್ಪಿಲ್ಲ ಎಂದರ್ಥ. ಯೂಸರ್ ಐಡಿ, ಪಾಸ್‌ವರ್ಡ್ ನೋಡಿಕೊಳ್ಳಬೇಕು, ಅಥವಾ ಹಳೆಯ ಲಾಗಿನ್‌ನ ಅವಧಿ ಮುಗಿದಿರಬಹುದು. 403 ಬಂದರೆ ಸಾಮಾನ್ಯವಾಗಿ ನೀವು ಯಾರೆಂದು ಗೊತ್ತಾಗಿದೆ, ಆದರೆ ಒಳಗೆ ಬಿಡಲು ಅನುಮತಿ ಇಲ್ಲ. 500, 502, 503 ಬಂದರೆ ಮಾತ್ರ ‘ಸರ್ವರ್ ಡೌನ್’ ಅನ್ನುವ ಮಾತಿಗೆ ಅರ್ಥವಿದೆ. ಆಗ ಪಾಸ್‌ವರ್ಡ್ ಬದಲಿಸಲು ಹೋಗಬೇಡಿ. ಸ್ವಲ್ಪ ಹೊತ್ತು ಬಿಟ್ಟು ನೋಡಿ, ಬೆಳಗಿನ ಜಾವವಾದರೆ ಇನ್ನೂ ಒಳ್ಳೇದು.

403 ಬಂದವರು ಹತ್ತು ಸಲ ಪಾಸ್‌ವರ್ಡ್ ಬದಲಿಸಿದರೂ ಪ್ರಯೋಜನವಿಲ್ಲ. ಪ್ರವೇಶಕ್ಕೆ ಕಾಲೇಜಿನಿಂದ ಅನುಮೋದನೆ ಸಿಕ್ಕಿಲ್ಲ, ಶುಲ್ಕ ಕಟ್ಟಿದ್ದು ಖಾತೆಗೆ ಸೇರಿಲ್ಲ, ಸೆಮಿಸ್ಟರ್ ಬದಲಾಗಿದ್ದು ದಾಖಲಾಗಿಲ್ಲ. ಇಂಥವೇ ಕಾರಣ ಇರುತ್ತವೆ. ಇದು ಕಾಲೇಜು ಕಚೇರಿಯಲ್ಲಿ ಸರಿಯಾಗುವ ಕೆಲಸ, ಝೆರಾಕ್ಸ್ ಅಂಗಡಿಯಲ್ಲಲ್ಲ. ಎಲ್ಲ ಪೋರ್ಟಲ್‌ಗಳೂ ಈ ಸಂಖ್ಯೆ ತೋರಿಸುವುದಿಲ್ಲ, ಕೆಲವು ಬರೀ ವಾಕ್ಯ ತೋರಿಸುತ್ತವೆ. ‘ಇನ್‌ವ್ಯಾಲಿಡ್’ ಅಂತ ಇದೆಯಾ, ‘ನಾಟ್ ಆಥರೈಸ್ಡ್’ ಅಂತ ಇದೆಯಾ, ‘ಲಾಕ್ಡ್’ ಅಂತ ಇದೆಯಾ ನೋಡಿ. ಮೂರೂ ಬೇರೆ ಬೇರೆ ಕಾಯಿಲೆ.

ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಅನ್ನುತ್ತಿದೆಯೇ?

ನಮ್ಮ ಕಡೆಯ ಕಂಪ್ಯೂಟರ್‌ಗಳಲ್ಲಿ ಮೊದಲು ನೋಡಬೇಕಾದ್ದು ಕೀಬೋರ್ಡ್. ಹಿಂದೆ ಕೂತವರು ಅರ್ಜಿ ಟೈಪ್ ಮಾಡಲು ನುಡಿ ಅಥವಾ ಬರಹ ಆನ್ ಮಾಡಿ ಹಾಗೇ ಎದ್ದು ಹೋಗಿರುತ್ತಾರೆ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕೆ ಕಾಣುವುದರಿಂದ ಕನ್ನಡ ಅಕ್ಷರ ಬೀಳುತ್ತಿದ್ದರೂ ಗೊತ್ತಾಗುವುದಿಲ್ಲ. ನೋಟ್‌ಪ್ಯಾಡ್ ತೆರೆದು ಬೇರೆ ಯಾವುದಾದರೂ ಪದ ಟೈಪ್ ಮಾಡಿ ನೋಡಿ, ಅಲ್ಲೇ ಗೊತ್ತಾಗುತ್ತದೆ. ಕ್ಯಾಪ್ಸ್ ಲಾಕ್, ನಮ್ ಲಾಕ್ ಕೂಡ ಅಲ್ಲೇ ಸಿಕ್ಕಿಬೀಳುತ್ತವೆ.

ವಾಟ್ಸ್ಆ್ಯಪ್‌ನಲ್ಲಿ ಬಂದ ಯೂಸರ್ ಐಡಿ ಕಾಪಿ ಮಾಡಿ ಅಂಟಿಸಿದರೆ ಕೊನೆಯಲ್ಲೊಂದು ಖಾಲಿ ಜಾಗ ಸೇರಿಕೊಳ್ಳುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ವ್ಯವಸ್ಥೆಗೆ ಕಾಣುತ್ತದೆ. ರಿಜಿಸ್ಟರ್ ನಂಬರಿನಲ್ಲಿ ಸೊನ್ನೆಗೂ ಇಂಗ್ಲಿಷ್‌ನ ‘ಓ’ ಅಕ್ಷರಕ್ಕೂ ಗೊಂದಲವಾಗುವುದು ಇನ್ನೊಂದು. ಸೈಬರ್ ಸೆಂಟರಿನ ಬ್ರೌಸರ್ ಬೇರೆಯವರ ಪಾಸ್‌ವರ್ಡ್ ಅನ್ನು ತಾನೇ ತುಂಬಿಟ್ಟಿರುವುದೂ ಉಂಟು. ಆ ಚುಕ್ಕೆಗಳನ್ನು ಪೂರ್ತಿ ಅಳಿಸಿ ನೀವೇ ಟೈಪ್ ಮಾಡಿ. ಕ್ಯಾಪ್ಚಾ ಪದೇ ಪದೇ ತಪ್ಪು ಎಂದು ಬಂದರೆ ಒಂದೇ ಪೋರ್ಟಲ್ ಎರಡು ಟ್ಯಾಬ್‌ನಲ್ಲಿ ತೆರೆದಿದೆಯೇ ನೋಡಿ. ಎಲ್ಲ ಮುಚ್ಚಿ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಹೊಸದಾಗಿ ತೆರೆದರೆ ಬಹುತೇಕ ಸರಿಯಾಗುತ್ತದೆ.

ಜೇಬಿನಲ್ಲಿರುವ ಫೋನೇ ಖಾತೆ ಲಾಕ್ ಮಾಡುತ್ತದೆ

ಕ್ಯಾಂಪಸ್‌ನ ವೈಫೈ, ಇಮೇಲ್, ಲ್ಯಾಬ್ ಕಂಪ್ಯೂಟರ್‌ಗೆಲ್ಲ ಒಂದೇ ಪಾಸ್‌ವರ್ಡ್ ಇರುವ ಕಡೆ ಇದು ಪದೇ ಪದೇ ಆಗುತ್ತದೆ, ಆದರೂ ಬೇಗ ಹೊಳೆಯುವುದಿಲ್ಲ. ಬೆಳಿಗ್ಗೆ ಲ್ಯಾಬಿನಲ್ಲಿ ಕೂತು ಪಾಸ್‌ವರ್ಡ್ ಬದಲಿಸುತ್ತೀರಿ. ಫೋನಿನಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿರುತ್ತದೆ. ಅದು ಜೇಬಿನಲ್ಲಿ ಇದ್ದುಕೊಂಡೇ ವೈಫೈಗೆ ಸೇರಲು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಪ್ರತಿ ಸಲವೂ ತಪ್ಪು ಪಾಸ್‌ವರ್ಡ್ ಕಳಿಸುತ್ತದೆ. ಇಷ್ಟು ಸಲ ತಪ್ಪಾದರೆ ಖಾತೆ ಮುಚ್ಚು ಎಂಬ ನಿಯಮ ಇದ್ದರೆ ಮಧ್ಯಾಹ್ನದೊಳಗೆ ಖಾತೆ ಲಾಕ್. ಕಚೇರಿಗೆ ಹೋಗಿ ತೆಗೆಸಿಕೊಂಡು ಬರುತ್ತೀರಿ. ಅರ್ಧ ಗಂಟೆಗೆ ಮತ್ತೆ ಲಾಕ್. “ಯಾರೋ ಹ್ಯಾಕ್ ಮಾಡ್ಯಾರ” ಅಂತ ಹಾಸ್ಟೆಲ್ ತುಂಬ ಸುದ್ದಿ.

ಪರಿಹಾರ ಸುಲಭ, ಆದರೆ ಕ್ರಮ ಮುಖ್ಯ. ಫೋನ್, ಲ್ಯಾಪ್‌ಟಾಪ್, ಟ್ಯಾಬ್ ಎಲ್ಲದರಲ್ಲೂ ಮೊದಲು ವೈಫೈ ಆಫ್ ಮಾಡಿ. ನಂತರ ಖಾತೆಯ ಲಾಕ್ ತೆಗೆಸಿ. ಆಮೇಲೆ ಒಂದೊಂದೇ ಸಾಧನದಲ್ಲಿ ಆ ನೆಟ್‌ವರ್ಕ್ ಅನ್ನು ‘ಫರ್ಗೆಟ್’ ಮಾಡಿ ಹೊಸ ಪಾಸ್‌ವರ್ಡ್ ಹಾಕಿ. ಇಮೇಲ್ ಆ್ಯಪ್‌ನಲ್ಲೂ ಬದಲಿಸಬೇಕು. ಊರಿನ ಮನೆಯಲ್ಲಿ ಬಿಟ್ಟುಬಂದ ಹಳೆಯ ಫೋನಿನಲ್ಲಿ ಕಾಲೇಜು ಇಮೇಲ್ ಇದ್ದರೆ ಅದನ್ನೂ ಮರೆಯಬೇಡಿ.

ವೈಫೈ ಸೇರಿದೆ, ಲಾಗಿನ್ ಪುಟ ಬರುತ್ತಿಲ್ಲ

ಕೆಲವು ಕ್ಯಾಂಪಸ್‌ಗಳಲ್ಲಿ ವೈಫೈ ಸೇರಿದ ಮೇಲೆ ಬ್ರೌಸರ್‌ನಲ್ಲಿ ಲಾಗಿನ್ ಪುಟ ತೆರೆದುಕೊಳ್ಳಬೇಕು. ಅದು ಬರದಿದ್ದರೆ ಫೋನಿನ ಮೊಬೈಲ್ ಡೇಟಾ ಮತ್ತು ವಿಪಿಎನ್ ಆಫ್ ಮಾಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂಬುದಕ್ಕೆ ಬೇರೆ ಹೆಸರು ಕೊಟ್ಟಿದ್ದರೆ ತಾತ್ಕಾಲಿಕವಾಗಿ ತೆಗೆಯಿರಿ. ಆದರೂ ಬರದಿದ್ದರೆ ಬ್ರೌಸರ್‌ನಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ತೆರೆಯಿರಿ. ಆ ತಾಣವನ್ನು ಮಾಡಿಟ್ಟಿರುವುದೇ ಇದಕ್ಕಾಗಿ. ಅದಕ್ಕೆ ಎನ್‌ಕ್ರಿಪ್ಷನ್ ಇಲ್ಲದ ಕಾರಣ ಕ್ಯಾಂಪಸ್ ವ್ಯವಸ್ಥೆ ಸುಲಭವಾಗಿ ತಡೆದು ಲಾಗಿನ್ ಪುಟಕ್ಕೆ ಕಳಿಸುತ್ತದೆ.

ಹಾಸ್ಟೆಲ್‌ಗಳಲ್ಲಿ ಫೋನಿನ ಮ್ಯಾಕ್ ಅಡ್ರೆಸ್ ಬರೆಸಿಕೊಂಡು ವೈಫೈ ಕೊಡುವ ಪದ್ಧತಿ ಇದ್ದರೆ ಇನ್ನೊಂದು ತೊಡಕಿದೆ. ಆಂಡ್ರಾಯ್ಡ್ 10 ಮತ್ತು ಐಫೋನ್‌ನ ಐಒಎಸ್ 14ರಿಂದ ಈಚೆಗೆ ಫೋನ್‌ಗಳು ಅಸಲಿ ಅಡ್ರೆಸ್ ಬದಲು ಬೇರೊಂದು ಅಡ್ರೆಸ್ ತೋರಿಸುತ್ತವೆ. ಗೋಪ್ಯತೆಗೆ ಇದು ಒಳ್ಳೆಯದೇ. ಆದರೆ ವಾರ್ಡನ್ ಬರೆದುಕೊಂಡಿದ್ದು ಒಂದು, ಫೋನ್ ಹೇಳುತ್ತಿರುವುದು ಇನ್ನೊಂದು. ಆ ಒಂದು ನೆಟ್‌ವರ್ಕ್‌ಗೆ ಮಾತ್ರ ಪ್ರೈವೆಸಿ ಆಯ್ಕೆಯಲ್ಲಿ ಫೋನಿನ ಸ್ವಂತ ಮ್ಯಾಕ್ ಆರಿಸಿಕೊಂಡರೆ ಸಾಕು.

‘ಸರ್ಟಿಫಿಕೇಟ್’ ಕೇಳಿದರೆ ಸುಮ್ಮನೆ ಓಕೆ ಒತ್ತಬೇಡಿ

ದೊಡ್ಡ ಕ್ಯಾಂಪಸ್‌ಗಳ ವೈಫೈನಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವುದಿಲ್ಲ, ಪ್ರತಿಯೊಬ್ಬರಿಗೂ ಅವರದೇ ಐಡಿ, ಪಾಸ್‌ವರ್ಡ್ ಇರುತ್ತದೆ. ಇಲ್ಲಿ ಫೋನ್ ತನ್ನ ಗುರುತು ಹೇಳುವ ಮೊದಲು ನೆಟ್‌ವರ್ಕ್ ತನ್ನ ಗುರುತು ತೋರಿಸಬೇಕು. ಆ ಗುರುತೇ ಸರ್ಟಿಫಿಕೇಟ್. ಹಿಂದೆ ಆಂಡ್ರಾಯ್ಡ್‌ನಲ್ಲಿ ‘ಪರಿಶೀಲಿಸಬೇಡ’ ಎಂಬ ಆಯ್ಕೆ ಇತ್ತು, ಎಲ್ಲರೂ ಅದನ್ನೇ ಒತ್ತುತ್ತಿದ್ದರು. ಆಂಡ್ರಾಯ್ಡ್ 11ಕ್ಕೆ 2020ರ ಡಿಸೆಂಬರ್‌ನಲ್ಲಿ ಬಂದ ಅಪ್‌ಡೇಟ್‌ನಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. “ಅಣ್ಣನ ಹಳೇ ಫೋನಿನ್ಯಾಗ ಆಗತೈತಿ, ನನ್ನ ಹೊಸಾದ್ರಾಗ ಆಗವಲ್ದು” ಅನ್ನುವುದಕ್ಕೆ ಇದೂ ಒಂದು ಕಾರಣ.

ಈಗ ಮಾಡಬೇಕಾದ್ದು ಇಷ್ಟು: ಸಿಎ ಸರ್ಟಿಫಿಕೇಟ್ ಜಾಗದಲ್ಲಿ ಕ್ಯಾಂಪಸ್ ಕೊಟ್ಟ ಸರ್ಟಿಫಿಕೇಟ್, ಅಥವಾ ಅವರು ಹೇಳಿದ್ದರೆ ‘ಸಿಸ್ಟಮ್ ಸರ್ಟಿಫಿಕೇಟ್’ ಆರಿಸಿ. ಡೊಮೈನ್ ಜಾಗದಲ್ಲಿ ಅವರು ಕೊಟ್ಟ ಹೆಸರನ್ನೇ ಹಾಕಿ. ಅದನ್ನು ಊಹಿಸಿ ತುಂಬಲು ಬರುವುದಿಲ್ಲ. ಕ್ಯಾಂಪಸ್‌ನ ಕಂಪ್ಯೂಟರ್ ವಿಭಾಗ ಇದನ್ನು ನೋಟಿಸ್ ಬೋರ್ಡ್‌ಗೆ ಹಾಕಿರದಿದ್ದರೆ ತಪ್ಪು ವಿದ್ಯಾರ್ಥಿಗಳದ್ದಲ್ಲ. ಯಾರೋ ಅದೇ ಹೆಸರಿನ ನಕಲಿ ವೈಫೈ ಇಟ್ಟುಕೊಂಡು ಕ್ಯಾಂಟೀನಿನಲ್ಲಿ ಕೂತರೆ, ಪರಿಶೀಲನೆ ಇಲ್ಲದ ಫೋನ್ ಅದಕ್ಕೂ ನಿಮ್ಮ ಲಾಗಿನ್ ವಿವರ ಒಪ್ಪಿಸಿಬಿಡುತ್ತದೆ. ಈ ಕಿರಿಕಿರಿಗೆ ಕಾರಣ ಅದು.

ಬೇರೆ ಊರಿನ ಸಂಸ್ಥೆಗೆ ಹೋದಾಗ ‘ಎಜುರೋಮ್’ ಎಂಬ ವೈಫೈ ಕಾಣಬಹುದು. ಯುರೋಪಿನಲ್ಲಿ ಶುರುವಾದ ಈ ವ್ಯವಸ್ಥೆಯನ್ನು ಭಾರತದಲ್ಲಿ ಅರ್ನೆಟ್ ಇಂಡಿಯಾ ನಡೆಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಇದು ಇದೆ. ನಿಮ್ಮ ಸಂಸ್ಥೆಯೂ ಇದರ ಸದಸ್ಯ ಆಗಿರಬೇಕು. ಇಲ್ಲಿ ಪಾಸ್‌ವರ್ಡ್ ಪರಿಶೀಲನೆ ನಡೆಯುವುದು ನೀವು ಹೋದ ಊರಿನಲ್ಲಲ್ಲ, ನಿಮ್ಮ ಸ್ವಂತ ಸಂಸ್ಥೆಯ ಸರ್ವರ್‌ನಲ್ಲಿ. ಹಾಗಾಗಿ ಯೂಸರ್ ಐಡಿ ಜೊತೆ ಅಟ್ ಚಿಹ್ನೆ ಹಾಕಿ ಸಂಸ್ಥೆಯ ಹೆಸರನ್ನೂ ಬರೆಯಲೇಬೇಕು. ಅದಿಲ್ಲದಿದ್ದರೂ ಸ್ವಂತ ಕ್ಯಾಂಪಸ್‌ನಲ್ಲಿ ನಡೆದುಹೋಗಬಹುದು, ಹೊರಗೆ ನಡೆಯುವುದಿಲ್ಲ. ಹೊರಡುವ ಮುನ್ನ ಇಲ್ಲೇ ಪೂರ್ತಿ ಐಡಿ ಹಾಕಿ ಒಮ್ಮೆ ಪರೀಕ್ಷಿಸಿಕೊಂಡು ಹೋಗಿ.

ಗಡಿಯಾರ ನೋಡಿ

ಲ್ಯಾಬಿನ ಹಳೆಯ ಕಂಪ್ಯೂಟರ್‌ನಲ್ಲಿ ಯಾವ ಪುಟ ತೆರೆದರೂ ‘ಸುರಕ್ಷಿತವಲ್ಲ’ ಎಂದು ಬಂದರೆ ಬಲಗಡೆ ಮೂಲೆಯ ದಿನಾಂಕ ನೋಡಿ. ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸೆಲ್ ಸತ್ತಿದ್ದರೆ ಕಂಪ್ಯೂಟರ್ ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿ ಎದ್ದು ಕೂತಿರುತ್ತದೆ. ಸರ್ಟಿಫಿಕೇಟ್‌ಗೆ ಅವಧಿ ಇರುತ್ತದೆ, ಆ ತಾರೀಖಿಗೆ ಅದು ಹುಟ್ಟಿಯೇ ಇರುವುದಿಲ್ಲ. ವಿಂಡೋಸ್ ಡೊಮೈನ್ ಲಾಗಿನ್ ಇನ್ನೂ ಕಟ್ಟುನಿಟ್ಟು: ಸಾಮಾನ್ಯ ಸೆಟ್ಟಿಂಗ್ ಪ್ರಕಾರ ಸರ್ವರ್‌ಗೂ ಕಂಪ್ಯೂಟರ್‌ಗೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸಿಆರ್2032 ಸೆಲ್ ದುಬಾರಿಯದಲ್ಲ, ಲ್ಯಾಬ್ ಸಹಾಯಕರಿಗೆ ಹೇಳಿ ಹಾಕಿಸಿ. ‘ಟ್ರಸ್ಟ್ ರಿಲೇಶನ್‌ಶಿಪ್’ ಎಂಬ ಪದ ಬಂದರೆ ಅದು ಆ ಕಂಪ್ಯೂಟರಿನ ದೋಷ, ನಿಮ್ಮ ಖಾತೆಯದ್ದಲ್ಲ. ಪಕ್ಕದ ಕಂಪ್ಯೂಟರ್‌ಗೆ ಹೋಗಿ ಕೂತುಕೊಳ್ಳಿ.

ಒಟಿಪಿ ಯಾರ ಫೋನಿಗೆ ಹೋಗುತ್ತಿದೆ?

ಇಷ್ಟೆಲ್ಲ ಸರಿ ಇದ್ದೂ ದಾರಿ ಮುಚ್ಚಿಹೋಗುವುದು ಇಲ್ಲಿ. ಪ್ರವೇಶದ ಸಮಯದಲ್ಲಿ ಗಡಿಬಿಡಿ. ಸೈಬರ್ ಸೆಂಟರಿನವರು ಕೆಲಸ ಬೇಗ ಮುಗಿಯಲಿ ಅಂತ ತಮ್ಮದೇ ನಂಬರ್, ತಮ್ಮದೇ ಇಮೇಲ್ ಹಾಕಿಬಿಡುತ್ತಾರೆ. ಇಲ್ಲವೇ ಆ ಹೊತ್ತಿಗೆ ಜೊತೆಗಿದ್ದ ಮಾಮಾನ ನಂಬರ್. ಎರಡು ವರ್ಷದ ನಂತರ ಪಾಸ್‌ವರ್ಡ್ ಮರೆತಾಗ ಒಟಿಪಿ ಅಲ್ಲಿಗೆ ಹೋಗುತ್ತದೆ. ರಾಜ್ಯದ ಹಲವು ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳಿಗೆ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಯುಯುಸಿಎಂಎಸ್ ಪೋರ್ಟಲ್‌ನಲ್ಲೇ ಇರುವಾಗ ಇದು ಸಣ್ಣ ವಿಷಯವಲ್ಲ.

ಸಿಮ್ ರೀಚಾರ್ಜ್ ಮಾಡದೆ ಬಿಟ್ಟು ನಂಬರ್ ಕಡಿತವಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಕಡಿತವಾದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡಬಹುದು ಎಂಬುದು ನಿಯಮ. ಅಂದರೆ ನಿಮ್ಮ ಒಟಿಪಿ ಯಾವುದೋ ಅಪರಿಚಿತರ ಕೈಗೆ.

ಆದ್ದರಿಂದ ಈಗ ಲಾಗಿನ್ ಆಗುತ್ತಿರುವಾಗಲೇ ಪ್ರೊಫೈಲ್ ತೆರೆದು ಯಾವ ನಂಬರ್ ಇದೆ ನೋಡಿ. ಬದಲಿಸುವ ಆಯ್ಕೆ ಅಲ್ಲೇ ಸಿಕ್ಕರೆ ಬದಲಿಸಿ. ಇಲ್ಲದಿದ್ದರೆ ಒಂದು ಅರ್ಜಿ ಬರೆದು, ಕಾಲೇಜು ಗುರುತಿನ ಚೀಟಿಯ ಪ್ರತಿ ಇಟ್ಟು, ಕಾಲೇಜು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪರೀಕ್ಷಾ ಅಧಿಸೂಚನೆ ಬರುವ ಮುಂಚೆ ಹೋದರೆ ಕೇಳುವವರಿಗೂ ಪುರುಸೊತ್ತು ಇರುತ್ತದೆ. ಆಧಾರ್ ಮೂಲಕ ಡಿಜಿಲಾಕರ್ ತೆರೆಯುವಾಗ ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ, ಪೋರ್ಟಲ್‌ನಲ್ಲಿ ಕೊಟ್ಟ ನಂಬರಿಗಲ್ಲ. ಅದು ಹಳೆಯದಾಗಿದ್ದರೆ ಆಧಾರ್ ಸೇವಾ ಕೇಂದ್ರದಲ್ಲಿ ಬದಲಿಸಿಕೊಳ್ಳಬಹುದು.

“ಪಾಸ್‌ವರ್ಡ್ ಹೇಳು ತಮ್ಮ, ನಾನೇ ನೋಡತೇನಿ” ಎಂದು ಫೋನ್ ಬಂದರೆ, ಕಾಲೇಜಿನವರೆಂದು ಹೇಳಿಕೊಂಡರೂ ಕೊಡಬೇಡಿ. ಖಾತೆ ಸರಿಪಡಿಸಲು ಅಧಿಕೃತ ಸಿಬ್ಬಂದಿಗೆ ನಿಮ್ಮ ಪಾಸ್‌ವರ್ಡ್ ಆಗಲಿ ಒಟಿಪಿ ಆಗಲಿ ಬೇಕಾಗುವುದೇ ಇಲ್ಲ. ಕೊಟ್ಟು ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದೂರು ಕೊಡುವಾಗ

“ಲಾಗಿನ್ ಆಗ್ತಿಲ್ಲ” ಎಂದಷ್ಟೇ ಬರೆದರೆ ಉತ್ತರ ಬರಲು ಎರಡು ದಿನ ಹೆಚ್ಚು ಬೇಕಾಗುತ್ತದೆ. ಯೂಸರ್ ಐಡಿ, ಪ್ರಯತ್ನಿಸಿದ ದಿನಾಂಕ ಮತ್ತು ಗಂಟೆ, ಕ್ಯಾಂಪಸ್ ವೈಫೈಯೋ ಮೊಬೈಲ್ ಡೇಟಾವೋ, ಯಾವ ಫೋನ್ ಅಥವಾ ಕಂಪ್ಯೂಟರ್, ಪರದೆ ಮೇಲೆ ಬಂದ ಸಾಲು, ಇಷ್ಟನ್ನು ಬರೆಯಿರಿ. ಸ್ಕ್ರೀನ್‌ಶಾಟ್ ಜೊತೆಗಿಡಿ, ಅದರಲ್ಲಿ ಪಾಸ್‌ವರ್ಡ್ ಕಾಣದಂತೆ ನೋಡಿಕೊಳ್ಳಿ. ಸಮಯ ಬರೆದಿದ್ದರೆ ಸಿಬ್ಬಂದಿ ಸರ್ವರ್ ದಾಖಲೆಯಲ್ಲಿ ಆ ನಿಮಿಷವನ್ನೇ ತೆಗೆದು ನೋಡಬಹುದು. ಕೊನೇ ದಿನದ ವಿಷಯವಾಗಿದ್ದರೆ ಆ ಸ್ಕ್ರೀನ್‌ಶಾಟ್ ಮತ್ತು ದೂರಿನ ಪ್ರತಿಯನ್ನು ಕಾಲೇಜು ಪ್ರಾಂಶುಪಾಲರಿಗೂ ಅದೇ ದಿನ ಬರಹದಲ್ಲಿ ಕೊಟ್ಟಿಡಿ. ದಂಡ ಶುಲ್ಕದ ಮಾತು ಬಂದಾಗ ತೋರಿಸಲು ಕೈಯಲ್ಲಿ ಕಾಗದ ಇರುತ್ತದೆ.