ಸ್ವತಂತ್ರ ಕಲಾವಿದರ ನೆಲೆ: ಊರಿನ ಸೌಲಭ್ಯಗಳ ಪಾತ್ರ

ಯಾವುದೇ ಸಂಸ್ಥೆಯ ಮಾಸಿಕ ಸಂಬಳಕ್ಕೆ ಒಳಪಡದೆ, ಮಾಡಿದ ಕೆಲಸಕ್ಕಷ್ಟೇ ಸಂಭಾವನೆ ಪಡೆದು ಬದುಕುವ ಚಿತ್ರಕಲಾವಿದರು, ಛಾಯಾಗ್ರಾಹಕರು, ಲೇಖಕರು, ಅನುವಾದಕರು ಹಾಗೂ ರಂಗಕರ್ಮಿಗಳು ಸ್ವತಂತ್ರ ವೃತ್ತಿನಿರತರು. 'ಹವ್ಯಾಸಿ ಪತ್ರಕರ್ತ' ಎಂಬ ಮಾತು ಕನ್ನಡದಲ್ಲಿ ರೂಢಿಯಲ್ಲಿದೆಯಾದರೂ ಇವರ ಪಾಲಿಗೆ ಇದು ಹವ್ಯಾಸವಲ್ಲ, ಹೊಟ್ಟೆಪಾಡು. ನೌಕರರಿಗೆ ಕಚೇರಿಯೇ ಮೇಜು, ವಿದ್ಯುತ್, ಅಂತರ್ಜಾಲ ಒದಗಿಸುತ್ತದೆ. ಇವರು ಅವೆಲ್ಲವನ್ನೂ ತಾವೇ ಹೊಂದಿಸಿಕೊಳ್ಳಬೇಕು. ಆದ್ದರಿಂದ ಎಲ್ಲಿ ನೆಲೆಸಬೇಕೆಂಬ ಅವರ ಆಯ್ಕೆಯಲ್ಲಿ ಸ್ಥಳೀಯ ಸೌಲಭ್ಯಗಳ ಪಾತ್ರ ಹಿರಿದು.

ವಿದ್ವಾಂಸರು ಕಂಡಂತೆ

ಮನೆ ಮತ್ತು ಕಚೇರಿಗಳ ಆಚೆಗಿನ ಕಾಫಿ ಹೋಟೆಲು, ಪುಸ್ತಕದಂಗಡಿಗಳಂಥ ಕೂಡುತಾಣಗಳನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ 'ಮೂರನೆಯ ಸ್ಥಳ' ಎಂದು ಕರೆದರು. ಸೃಜನಶೀಲ ವರ್ಗವು ಊರಿನ ಜೀವನಮಟ್ಟ ಹಾಗೂ ಸಾಂಸ್ಕೃತಿಕ ವಾತಾವರಣವನ್ನು ನೋಡಿ ನೆಲೆಸುತ್ತದೆಂದು ರಿಚರ್ಡ್ ಫ್ಲೋರಿಡಾ 2002ರಲ್ಲಿ ವಾದಿಸಿದರು. ಇಂಥವರು ಬಂದ ಬಡಾವಣೆಗಳಲ್ಲಿ ಬಾಡಿಗೆ ಏರಿ, ಕಡಿಮೆ ಆದಾಯದವರು ಜಾಗ ಖಾಲಿ ಮಾಡಬೇಕಾಗುತ್ತದೆಂಬ ಟೀಕೆ ಬೆನ್ನಿಗೇ ಬಂತು. 2017ರ ಕೃತಿಯಲ್ಲಿ ಸ್ವತಃ ಫ್ಲೋರಿಡಾ ಅವರೇ ಈ ಅಸಮಾನತೆಯನ್ನು ಚರ್ಚಿಸಿದ್ದಾರೆ.

ಬೆಂಗಳೂರಿನ ನಿದರ್ಶನ

ಬೆಂಗಳೂರಿನ ಕಬ್ಬನ್ ಉದ್ಯಾನದ ಸುತ್ತಲ ಪ್ರದೇಶ ಇದಕ್ಕೆ ಉತ್ತಮ ಉದಾಹರಣೆ. ಉದ್ಯಾನದೊಳಗೆ ಶತಮಾನ ದಾಟಿದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಕಸ್ತೂರಬಾ ರಸ್ತೆಯಲ್ಲಿ ಸರ್ಕಾರದ ವೆಂಕಟಪ್ಪ ಚಿತ್ರಶಾಲೆಯಿದೆ. ಚರ್ಚ್ ಸ್ಟ್ರೀಟ್‌ನಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳಿವೆ. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಇದೇ ಬೀದಿಗೆ ಸ್ಥಳಾಂತರಗೊಂಡಿತು. ಮೆಟ್ರೋ ರೈಲು 2011ರಲ್ಲಿ ಮಹಾತ್ಮ ಗಾಂಧಿ ರಸ್ತೆಗೂ, 2016ರಲ್ಲಿ ಕಬ್ಬನ್ ಉದ್ಯಾನಕ್ಕೂ ಬಂತು.

ಈ ಪ್ರದೇಶದಲ್ಲಿ ಮನೆ ಮಾಡುವುದು ಬಹುತೇಕ ಸ್ವತಂತ್ರ ವೃತ್ತಿನಿರತರಿಗೆ ಎಟುಕದ ಮಾತು. ಆದ್ದರಿಂದ ದೂರದ ಬಡಾವಣೆಯಲ್ಲಿ ವಾಸ, ನಗರದ ನಡುವೆ ಕೆಲಸ ಎಂಬ ವ್ಯವಸ್ಥೆಗೆ ಬಸ್ಸು, ಮೆಟ್ರೋಗಳು ಅನುಕೂಲವಾಗಿವೆ. ಮೇಜು ಬಾಡಿಗೆಗೆ ಕೊಡುವ ಹಂಚಿಕೆಯ ಕಚೇರಿಗಳೂ ಇವೆ. ಆದರೆ ಅವುಗಳ ಶುಲ್ಕ ತಿಂಗಳು ತಿಂಗಳು ಕಟ್ಟಬೇಕಾದದ್ದು. ಸಂಭಾವನೆಯಾದರೋ ಕೆಲಸ ಮುಗಿದು ಎಷ್ಟೋ ದಿನಗಳ ಮೇಲೆ ಕೈಸೇರುವಂಥದ್ದು.

ಸಾರ್ವಜನಿಕ ಸಂಸ್ಥೆಗಳ ಮಹತ್ವ

ಕಾಫಿಯ ಬೆಲೆ ತೆತ್ತು ಒಂದು ಗಂಟೆ ಕೂರಬಹುದು. ಆದರೆ ಚಿತ್ರ ಪ್ರದರ್ಶನಕ್ಕೆ ಗೋಡೆ, ನಾಟಕಕ್ಕೆ ರಂಗಮಂದಿರ ಬೇಕೆಂದಾಗ ಕಡಿಮೆ ಬಾಡಿಗೆಯ ಸಾರ್ವಜನಿಕ ತಾಣಗಳೇ ಆಸರೆ. ಆದುದರಿಂದಲೇ ವೆಂಕಟಪ್ಪ ಚಿತ್ರಶಾಲೆಯ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಸರ್ಕಾರದ ನಿರ್ಧಾರದ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದರು. ಚಿತ್ರಶಾಲೆಯ ದುಃಸ್ಥಿತಿಗೆ ಖಾಸಗಿ ನೆರವು ಪರಿಹಾರವೆಂಬುದು ಒಂದು ವಾದವಾಗಿತ್ತು; ಸಾಮಾನ್ಯ ಕಲಾವಿದನಿಗೆ ಬಾಗಿಲು ಮುಚ್ಚೀತೆಂಬುದು ಇನ್ನೊಂದು ಪಕ್ಷದ ಆತಂಕ.

ರಂಗಭೂಮಿಯಲ್ಲೂ ಇದೇ ಸ್ಥಿತಿ. 1963ರಲ್ಲಿ ಆರಂಭವಾದ ರವೀಂದ್ರ ಕಲಾಕ್ಷೇತ್ರದ ಸುತ್ತ ಹವ್ಯಾಸಿ ತಂಡಗಳು ಬೆಳೆದವು. ಶಂಕರ್ ನಾಗ್ ನೆನಪಿನಲ್ಲಿ 2004ರಲ್ಲಿ ತೆರೆದ ಜೆ.ಪಿ. ನಗರದ ರಂಗಶಂಕರವು ದಕ್ಷಿಣ ಬೆಂಗಳೂರಿನಲ್ಲಿ ನಟರು, ತಂತ್ರಜ್ಞರು ಸೇರುವ ಮತ್ತೊಂದು ಕೇಂದ್ರವಾಯಿತು.

ನಗರದಾಚೆ

ಸೌಲಭ್ಯವೆಂದರೆ ಮಹಾನಗರವೇ ಆಗಬೇಕೆಂದಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು, 1985ರಲ್ಲಿ ತಿರುಗಾಟವನ್ನು ಆರಂಭಿಸಿತು. ರಂಗಮಂದಿರ, ಗ್ರಂಥಾಲಯ, ಊಟ, ವಸತಿ ಹಾಗೂ ಸಹೃದಯ ಪ್ರೇಕ್ಷಕರು ಒಂದೆಡೆ ದೊರೆತದ್ದರಿಂದ ಹಳ್ಳಿಯೇ ಕಲಾವಿದರ ನೆಲೆಯಾಯಿತು.

ವೇಗದ ಅಂತರ್ಜಾಲ ಇಂದು ಸಣ್ಣ ಊರುಗಳಿಗೂ ತಲುಪಿರುವುದರಿಂದ ಅನುವಾದಕರು, ವಿನ್ಯಾಸಕಾರರು ಊರಿನಲ್ಲೇ ಕುಳಿತು ಕೆಲಸ ಕಳುಹಿಸಬಲ್ಲರು. ಆದರೆ ಹೊಸ ಕೆಲಸ ಬಹಳ ಸಲ ಹುಟ್ಟುವುದು ಪರಿಚಯದಿಂದ, ಮಾತುಕತೆಯಿಂದ. ಜಿಲ್ಲಾ ಕೇಂದ್ರಗಳ ಗ್ರಂಥಾಲಯ ಸಂಜೆಯೂ ತೆರೆದಿದ್ದು, ರಂಗಮಂದಿರದ ಬಾಡಿಗೆ ಕೈಗೆಟುಕುವಂತಿದ್ದರೆ ಅಲ್ಲಿನ ಪ್ರತಿಭಾವಂತರು ಬೆಂಗಳೂರಿನ ಬಸ್ಸು ಹತ್ತುವ ಅನಿವಾರ್ಯತೆ ಅಷ್ಟರಮಟ್ಟಿಗೆ ತಗ್ಗುತ್ತದೆ.