ಕಂಪ್ಯೂಟರ್ ನಿಮ್ಮದು, ಅದರ ಮುಖ ಯಾರದು? ಸ್ಕಿನ್, ಥೀಮ್, ವಿಜೆಟ್‌ಗಳ 40 ವರ್ಷದ ಕತೆ



ನೀವು ಈಗ ಇದನ್ನ ಕೇಳ್ತಾ ಇರೋ ಫೋನನ್ನೇ ಒಂದು ಸಲ ನೋಡಿ. ವಾಲ್‌ಪೇಪರ್ ನಿಮ್ಮ ಆಯ್ಕೆ. ಯಾವ ಆ್ಯಪ್ ಎಲ್ಲಿರಬೇಕು ಅನ್ನೋದೂ ಬಹುಮಟ್ಟಿಗೆ ನಿಮ್ಮದೇ. ಆದರೆ ಮೇಲಿನ ಪಟ್ಟಿ, ಬಟನ್ನಿನ ಆಕಾರ, ಸೆಟ್ಟಿಂಗ್ಸ್ ಪುಟದ ರೂಪ? ಅದನ್ನೆಲ್ಲ ಎಲ್ಲೋ ದೂರದಲ್ಲಿ ಕೂತವರು ತೀರ್ಮಾನ ಮಾಡಿದ್ದಾರೆ. ಒಂದು ಅಪ್‌ಡೇಟ್ ಬಂದರೆ ಸಾಕು, ಬೆಳಗ್ಗೆ ಎದ್ದು ನೋಡೋಷ್ಟರಲ್ಲಿ ನಿಮ್ಮ ಫೋನಿನ ಮುಖವೇ ಬೇರೆ ಆಗಿರುತ್ತೆ.

ದುಡ್ಡು ಕೊಟ್ಟು ತಂದ ಯಂತ್ರ ಹೇಗೆ ಕಾಣಬೇಕು ಅನ್ನೋದನ್ನ ಯಾರು ನಿರ್ಧರಿಸಬೇಕು? ಈ ಜಗಳ ಫೋನಿನಿಂದ ಶುರುವಾದದ್ದಲ್ಲ. ಸುಮಾರು 40 ವರ್ಷದಿಂದ ಕಂಪ್ಯೂಟರ್ ಡೆಸ್ಕ್‌ಟಾಪ್ ಮೇಲೆ ನಡೀತಾ ಇದೆ. ಇವತ್ತು ಆ ಕತೆ.

ಎಂಟು ಚುಕ್ಕಿಯ ಸ್ವಾತಂತ್ರ್ಯ

1984ರಲ್ಲಿ ಆಪಲ್‌ನ ಮೊದಲ ಮ್ಯಾಕಿಂಟಾಷ್ ಬಂತು. ಪರದೆಯಲ್ಲಿದ್ದದ್ದು ಕಪ್ಪು, ಬಿಳಿ ಎರಡೇ ಬಣ್ಣ. ಆದರೂ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು ಪುಟ್ಟ ಚೌಕ ಇತ್ತು. ಉದ್ದಕ್ಕೆ ಎಂಟು, ಅಗಲಕ್ಕೆ ಎಂಟು ಚುಕ್ಕಿ. ರಂಗೋಲಿ ಹಾಕಿದ ಹಾಗೆ ಒಂದೊಂದೇ ಚುಕ್ಕಿಯನ್ನ ಕಪ್ಪು ಅಥವಾ ಬಿಳಿ ಮಾಡಿದರೆ, ಅದೇ ವಿನ್ಯಾಸ ಇಡೀ ಡೆಸ್ಕ್‌ಟಾಪ್ ತುಂಬ ಹರಡಿಕೊಳ್ತಿತ್ತು. ಬಳಕೆದಾರನಿಗೆ ಸಿಕ್ಕ ಸ್ವಾತಂತ್ರ್ಯ 64 ಚುಕ್ಕಿಯಷ್ಟು.

1992ರ ವಿಂಡೋಸ್ 3.1 ಬಣ್ಣಗಳ ಸಿದ್ಧ ಪಟ್ಟಿಯನ್ನೇ ಕೊಟ್ಟಿತು. ಅದರಲ್ಲೊಂದರ ಹೆಸರು 'ಹಾಟ್ ಡಾಗ್ ಸ್ಟ್ಯಾಂಡ್'. ಕಣ್ಣು ಕುಕ್ಕುವ ಕೆಂಪು, ಅದರ ಪಕ್ಕದಲ್ಲೇ ಹಳದಿ. ಇಂದಿಗೂ ಜನ ನೆನೆದು ನಗ್ತಾರೆ. ಆದರೆ ನಗುವಿನ ಆಚೆ ಒಂದು ವಿಷಯ ಇದೆ. ದೃಷ್ಟಿ ಮಂದ ಇರೋರಿಗೆ ಬಣ್ಣ ಬದಲಿಸೋದು ಶೋಕಿ ಅಲ್ಲ. ಕಪ್ಪಿನ ಮೇಲೆ ಬಿಳಿ ಅಕ್ಷರ ಬಂದರೆ ಮಾತ್ರ ಓದೋಕಾಗುತ್ತೆ ಅನ್ನೋರಿಗೆ ಅದು ಕೆಲಸ ಮಾಡೋದಕ್ಕೂ ಮಾಡದೆ ಇರೋದಕ್ಕೂ ಇರೋ ವ್ಯತ್ಯಾಸ.

1995ರಲ್ಲಿ ವಿಂಡೋಸ್ 95 ಬಂತು. ಜೊತೆಗೆ 'ಪ್ಲಸ್!' ಅನ್ನೋ ಪ್ಯಾಕನ್ನ ಮೈಕ್ರೋಸಾಫ್ಟ್ ಬೇರೆಯಾಗಿ ಮಾರಿತು. ಅದರಲ್ಲಿ ಥೀಮ್‌ಗಳು. ವಾಲ್‌ಪೇಪರ್, ಐಕಾನ್, ಮೌಸ್ ಬಾಣ, ಸದ್ದು ಎಲ್ಲ ಒಟ್ಟಿಗೆ ಬದಲಾಗ್ತಿದ್ದವು. ಕಾಡುಪ್ರಾಣಿಗಳದ್ದೊಂದು, ಲಿಯೊನಾರ್ಡೊ ಡಾ ವಿಂಚಿಯದ್ದೊಂದು, ಹೀಗೆ. ಅಂದರೆ ಅಲಂಕಾರಕ್ಕೆ ಜನ ದುಡ್ಡು ಕೊಡ್ತಾರೆ ಅಂತ ಕಂಪನಿಗೂ ಗೊತ್ತಾಗಿತ್ತು. ಆದರೆ ಗಮನಿಸಿ, ಕಿಟಕಿಯ ಚೌಕಟ್ಟು ಮಾತ್ರ ಹಾಗೇ ಇತ್ತು. ಮೇಲೆ ಒಂದು ಪಟ್ಟಿ, ಬಲಕ್ಕೆ ಮೂರು ಬಟನ್. ಮನೆಗೆ ಬಣ್ಣ ಬಳೀರಿ, ಗೋಡೆ ಮುಟ್ಟಬೇಡಿ ಅಂದ ಹಾಗೆ.

ಪೇಂಟ್ ಗೊತ್ತಿದ್ದರೆ ಸಾಕು

ಆ ಗೋಡೆ ಮುಟ್ಟೋ ಧೈರ್ಯ ಜನರಿಗೆ ಬಂದದ್ದು ಒಂದು ಹಾಡು ನುಡಿಸೋ ಸಾಫ್ಟ್‌ವೇರಿನಿಂದ. ವಿನ್‌ಆಂಪ್. ಸೈಬರ್ ಕೆಫೆ ಕಾಲದವರನ್ನ ಕೇಳಿ, ಹೆಸರು ಹೇಳಿದ ಕೂಡಲೇ ಮುಖ ಅರಳುತ್ತೆ. 1997ರಲ್ಲಿ ಅಮೆರಿಕದ ಜಸ್ಟಿನ್ ಫ್ರಾಂಕೆಲ್ ಅನ್ನೋ ಹುಡುಗ, ಇನ್ನೂ 20 ತುಂಬದವನು, ಎಂಪಿ3 ನುಡಿಸೋಕೆ ಅಂತ ಇದನ್ನ ಹೊರತಂದ. 1998ರಲ್ಲಿ ಇದಕ್ಕೆ 'ಸ್ಕಿನ್' ಸೌಲಭ್ಯ ಬಂತು.

ಸ್ಕಿನ್ ಕೆಲಸ ಮಾಡ್ತಿದ್ದ ರೀತಿ ತುಂಬ ಸರಳ. ವಿನ್‌ಆಂಪ್‌ನ ಮುಖ್ಯ ಕಿಟಕಿ 275 ಚುಕ್ಕಿ ಅಗಲ, 116 ಚುಕ್ಕಿ ಎತ್ತರ. ಹಿನ್ನೆಲೆಗೆ ಒಂದು ಚಿತ್ರ, ಬಟನ್‌ಗಳಿಗೆ ಒಂದು ಚಿತ್ರ, ಅಂಕಿಗಳಿಗೆ ಒಂದು ಚಿತ್ರ. ಪೇಂಟ್‌ನಲ್ಲಿ ಆ ಚಿತ್ರಗಳನ್ನ ತೆರೆದು, ಮೇಲೆ ನಿಮ್ಮದನ್ನ ಬರೆದು, ಎಲ್ಲವನ್ನೂ ಒಂದು ಜಿಪ್ ಫೈಲಿಗೆ ತುಂಬಿ, ಫೈಲಿನ ಬಾಲ ಬದಲಿಸಿದರೆ ಆಯ್ತು. ಒಂದು ಸಾಲು ಕೋಡ್ ಕೂಡ ಬೇಕಿಲ್ಲ.

ಮುಖ್ಯವಾದದ್ದು ಇದೇ. ಅದುವರೆಗೆ ಸಾಫ್ಟ್‌ವೇರಿನ ರೂಪ ಅನ್ನೋದು ಪ್ರೋಗ್ರಾಮರ್ ಸ್ವತ್ತು. ಈಗ ಚಿತ್ರ ಬರೆಯೋ ಹೈಸ್ಕೂಲ್ ಹುಡುಗಿಯೂ ಅದಕ್ಕೆ ಕೈ ಹಾಕಬಹುದಿತ್ತು. ಸಿನಿಮಾ ಸ್ಕಿನ್, ಕಾರಿನ ಸ್ಕಿನ್, ಮರದ ರೇಡಿಯೋ ಥರದ ಸ್ಕಿನ್, ಏನೆಲ್ಲ ಬಂದವು! 2020ರಲ್ಲಿ ಹಳೇ ಸ್ಕಿನ್‌ಗಳನ್ನ ಒಟ್ಟುಮಾಡಿ ಒಂದು ಆನ್‌ಲೈನ್ ಮ್ಯೂಸಿಯಂ ಶುರುವಾಯ್ತು. ಅಲ್ಲಿ ಸಿಕ್ಕಿದ್ದು 65 ಸಾವಿರಕ್ಕೂ ಹೆಚ್ಚು. ಅಷ್ಟೂ ಒಂದೇ ಪ್ಲೇಯರಿಗೆ!

ಗೋಡೆ ಒಡೆದವರು

ಹಾಡಿನ ಪ್ಲೇಯರಿಗೆ ಸಾಧ್ಯ ಅಂದರೆ ಇಡೀ ಕಂಪ್ಯೂಟರಿಗೆ ಯಾಕಾಗಬಾರದು?

ಇಲ್ಲಿ ಬರೋದು ಸ್ಟಾರ್‌ಡಾಕ್ ಅನ್ನೋ ಸಣ್ಣ ಕಂಪನಿ. ಅಮೆರಿಕದ ಮಿಷಿಗನ್‌ನಲ್ಲಿ ಬ್ರಾಡ್ ವಾರ್ಡೆಲ್ ಅನ್ನೋರು 1991ರಲ್ಲಿ ಕಟ್ಟಿದ್ದು. ಇವರು ಮೊದಲು ಸಾಫ್ಟ್‌ವೇರ್ ಮಾಡ್ತಿದ್ದದ್ದು ವಿಂಡೋಸ್‌ಗೆ ಅಲ್ಲ, ಐಬಿಎಂನ ಓಎಸ್/2ಗೆ. 'ಆಬ್ಜೆಕ್ಟ್ ಡೆಸ್ಕ್‌ಟಾಪ್' ಅಂತ ಅದರ ರೂಪವನ್ನೇ ಬದಲಿಸೋ ಪ್ಯಾಕ್ ಮಾಡಿದರು. ಆದರೆ ಓಎಸ್/2 ಮಾರುಕಟ್ಟೆಯಲ್ಲಿ ಸೋತಿತು. ನೆಲ ಕುಸಿದಾಗ ಕಂಪನಿ ವಿಂಡೋಸ್ ಕಡೆ ತಿರುಗಬೇಕಾಯ್ತು. 1990ರ ದಶಕದ ಕೊನೆಯಲ್ಲಿ ಬಂದದ್ದೇ 'ವಿಂಡೋಬ್ಲೈಂಡ್ಸ್'.

ಇದರ ಕೆಲಸ ಏನು ಗೊತ್ತಾ? ವಿಂಡೋಸ್‌ನಲ್ಲಿ ಪ್ರತಿ ಕಿಟಕಿಯ ಚೌಕಟ್ಟನ್ನೂ ವ್ಯವಸ್ಥೆಯೇ ಬರೆಯುತ್ತೆ. ವಿಂಡೋಬ್ಲೈಂಡ್ಸ್ ನಡುವೆ ನುಗ್ಗಿ, 'ನೀನು ಬಿಡು, ನಾನು ಬರೀತೀನಿ' ಅಂತ ತನ್ನ ಚಿತ್ರವನ್ನ ಅಲ್ಲಿ ಇಡುತ್ತೆ. ನೋಟ್‌ಪ್ಯಾಡ್ ಇರಲಿ, ಎಕ್ಸೆಲ್ ಇರಲಿ, ಎಲ್ಲಕ್ಕೂ ಹೊಸ ಮುಖ.

ಇನ್ನೂ ಮುಂದೆ ಹೋದವರು 'ಲೈಟ್‌ಸ್ಟೆಪ್' ಬಳಸಿದರು. ವಿಂಡೋಸ್ 95, 98ರಲ್ಲಿ ಒಂದು ಸೆಟ್ಟಿಂಗ್ ಫೈಲಿನಲ್ಲಿ 'ಶೆಲ್' ಅನ್ನೋ ಒಂದೇ ಸಾಲು ಇತ್ತು. ಡೆಸ್ಕ್‌ಟಾಪ್, ಟಾಸ್ಕ್‌ಬಾರ್, ಸ್ಟಾರ್ಟ್ ಮೆನು ತೋರಿಸೋ ಪ್ರೋಗ್ರಾಂ ಯಾವುದು ಅಂತ ಹೇಳೋ ಸಾಲು. ಅದನ್ನ ಬದಲಿಸಿದರೆ ಸ್ಟಾರ್ಟ್ ಬಟನ್ನೇ ಮಾಯ, ಅದರ ಜಾಗದಲ್ಲಿ ಬೇರೆಯದೇ ಡೆಸ್ಕ್‌ಟಾಪ್. 2001ರಲ್ಲಿ ಫಿನ್ಲೆಂಡಿನ ಕಿಮ್ಮೊ ಪೆಕ್ಕೊಲಾ 'ರೇನ್‌ಮೀಟರ್' ತಂದರು. ಪ್ರೊಸೆಸರ್ ಎಷ್ಟು ದುಡೀತಿದೆ, ಮೆಮೊರಿ ಎಷ್ಟು ಉಳಿದಿದೆ ಅನ್ನೋದನ್ನ ಡೆಸ್ಕ್‌ಟಾಪ್ ಮೇಲೇ ತೋರಿಸೋದು ಇದರ ಕೆಲಸ. ಇದರ ಸ್ಕಿನ್‌ಗಳು ಸಾದಾ ಪಠ್ಯ ಫೈಲುಗಳು, ಯಾರು ಬೇಕಾದರೂ ತೆರೆದು ತಿದ್ದಬಹುದು. ಬಹುಶಃ ಅದಕ್ಕೇ ಇಷ್ಟು ವರ್ಷ ಆದಮೇಲೂ ರೇನ್‌ಮೀಟರ್ ಜೀವಂತ ಇದೆ.

ಆಪಲ್ ಮತ್ತು ಆರ್ಲೊ ರೋಸ್

ಮ್ಯಾಕ್ ಕಡೆ ಕತೆ ಇನ್ನೂ ಕಹಿ. ಅಲ್ಲಿ 'ಕೆಲಿಡೊಸ್ಕೋಪ್' ಅನ್ನೋ ಆಡ್-ಆನ್ ಇತ್ತು. ಗ್ರೆಗ್ ಲ್ಯಾಂಡ್‌ವೆಬರ್ ಮತ್ತು ಆರ್ಲೊ ರೋಸ್ ಇಬ್ಬರೂ ಸೇರಿ ಮಾಡಿದ್ದು. ಆಪಲ್ ತಾನೇ ಥೀಮ್ ಕೊಡೋ ಯೋಚನೆಯಲ್ಲಿತ್ತು. ಹೊಸ ಮ್ಯಾಕ್ ಓಎಸ್‌ನ ಪರೀಕ್ಷಾ ಆವೃತ್ತಿಗಳಲ್ಲಿ 'ಹೈ-ಟೆಕ್', 'ಗಿಜ್ಮೊ' ಅನ್ನೋ ಥೀಮ್‌ಗಳಿದ್ದವು. ಆಮೇಲೆ ಸ್ಟೀವ್ ಜಾಬ್ಸ್ ವಾಪಸ್ ಬಂದರು. 1998ರಲ್ಲಿ ಮ್ಯಾಕ್ ಓಎಸ್ 8.5 ಬಿಡುಗಡೆ ಆದಾಗ ಉಳಿದದ್ದು ಒಂದೇ ಒಂದು ರೂಪ, 'ಪ್ಲಾಟಿನಂ'. 2000ದಲ್ಲಿ ನೀರಿನ ಹನಿಯ ಹಾಗೆ ಹೊಳೆಯೋ 'ಅಕ್ವಾ' ತೋರಿಸಿದ ಮೇಲೆ, ಅದನ್ನ ನಕಲು ಮಾಡಿದ ಸ್ಕಿನ್‌ಗಳ ಹಿಂದೆ ಆಪಲ್‌ನ ವಕೀಲರು ಬಿದ್ದರು. ಹೊಸ ಮ್ಯಾಕ್ ಓಎಸ್ ಟೆನ್‌ನಲ್ಲಿ ಕೆಲಿಡೊಸ್ಕೋಪ್‌ಗೆ ಜಾಗವೇ ಇರಲಿಲ್ಲ.

ಆರ್ಲೊ ರೋಸ್ ಸುಮ್ಮನಾಗಲಿಲ್ಲ. 2003ರಲ್ಲಿ ಪೆರಿ ಕ್ಲಾರ್ಕ್ ಜೊತೆ ಸೇರಿ 'ಕನ್‌ಫ್ಯಾಬ್ಯುಲೇಟರ್' ತಂದರು. ಹವಾಮಾನ, ಗಡಿಯಾರ, ಕ್ಯಾಲೆಂಡರ್ ತೋರಿಸೋ ಪುಟ್ಟ ಪುಟ್ಟ ವಿಜೆಟ್‌ಗಳು. 2004ರ ಜೂನ್‌ನಲ್ಲಿ ಆಪಲ್ ತನ್ನ 'ಡ್ಯಾಶ್‌ಬೋರ್ಡ್' ಘೋಷಿಸಿತು. ಅದರಲ್ಲೂ ಗಡಿಯಾರ, ಹವಾಮಾನ, ಕ್ಯಾಲೆಂಡರ್, ಅವಕ್ಕೂ ವಿಜೆಟ್ ಅಂತಲೇ ಹೆಸರು. ನಕಲು ಅಂತ ಗದ್ದಲ ಎದ್ದಿತು. 1984ರ ಮ್ಯಾಕ್‌ನಲ್ಲೇ ಇಂಥ ಪುಟ್ಟ ಉಪಕರಣಗಳಿದ್ದವು, ಹೊಸದೇನಲ್ಲ ಅಂತ ಆಪಲ್ ಪರವಾಗಿ ವಾದಿಸಿದವರೂ ಇದ್ದರು. ಅದೂ ಸುಳ್ಳಲ್ಲ. 2005ರಲ್ಲಿ ಕನ್‌ಫ್ಯಾಬ್ಯುಲೇಟರನ್ನ ಯಾಹೂ ಕೊಂಡುಕೊಂಡಿತು. ಆಪಲ್ 2019ರಲ್ಲಿ ಡ್ಯಾಶ್‌ಬೋರ್ಡನ್ನ ತೆಗೆದುಹಾಕಿತು. 2023ರಲ್ಲಿ ಡೆಸ್ಕ್‌ಟಾಪ್ ಮೇಲೆ ವಿಜೆಟ್ ಇಡೋ ಸೌಲಭ್ಯವನ್ನ ಮತ್ತೆ ತಾನೇ ತಂದಿತು.

ಬಾಗಿಲು ಇದೆ, ಕೀಲಿ ಕೊಡಲ್ಲ

ಈಗ ವಿಂಡೋಸ್ ಎಕ್ಸ್‌ಪಿಗೆ ಬನ್ನಿ. 2001ರ ಅಕ್ಟೋಬರ್. ನೀಲಿ ಪಟ್ಟಿ, ಹಸಿರು ಸ್ಟಾರ್ಟ್ ಬಟನ್, ಹಿಂದೆ ಹಸಿರು ಗುಡ್ಡ. ಆ ಗುಡ್ಡದ ಫೋಟೋ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ 1996ರಲ್ಲಿ ಚಾರ್ಲ್ಸ್ ಓ'ರಿಯರ್ ತೆಗೆದದ್ದು. ಎಕ್ಸ್‌ಪಿ ಒಳಗೆ ಥೀಮ್ ಬದಲಿಸೋ ಪೂರ್ತಿ ಯಂತ್ರಾಂಗ ಇತ್ತು. ಆದರೆ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಇದ್ದ ಥೀಮ್ ಮಾತ್ರ ಓಡ್ತಿತ್ತು. ಸಿಕ್ಕಿದ್ದು ನೀಲಿ, ಆಲಿವ್ ಹಸಿರು, ಬೆಳ್ಳಿ. ಬಾಗಿಲು ಮಾಡಿ ಬೀಗ ಜಡಿದು ಕೀಲಿ ಜೇಬಿಗೆ ಹಾಕಿಕೊಂಡ ಹಾಗೆ.

ಸಹಿ ನೋಡೋ ಕೆಲಸ 'ಯುಎಕ್ಸ್‌ಥೀಮ್' ಅನ್ನೋ ಒಂದು ಸಿಸ್ಟಂ ಫೈಲಿನದ್ದು. ಜನ ಅದರೊಳಗಿನ ಕೆಲವೇ ಬೈಟ್ ತಿದ್ದಿ ಆ ಪರೀಕ್ಷೆಯನ್ನೇ ಕಿತ್ತುಹಾಕಿದರು. ತಿದ್ದಿದ್ದು ಗೊತ್ತಾದರೆ ವಿಂಡೋಸ್ ಹಳೇ ಫೈಲನ್ನ ತಾನಾಗೇ ವಾಪಸ್ ಇಡ್ತಿತ್ತು. ಹಾಗಾಗಿ ಅದರ ಕಣ್ಣು ತಪ್ಪಿಸೋ ಉಪಾಯ ಬೇಕಾಯ್ತು. ಸರ್ವಿಸ್ ಪ್ಯಾಕ್ ಬಂದಾಗಲೆಲ್ಲ ಮತ್ತೆ ಮೊದಲಿಂದ.

ಇಲ್ಲಿ ನಮ್ಮ ಭಾಷೆಯ ಮಾತೂ ಬರುತ್ತೆ. ವಿಂಡೋಸ್ 95, 98ರಲ್ಲಿ ಪರದೆ ಮೇಲೆ ಕನ್ನಡ ಕಾಣೋದಕ್ಕೇ ಆಡ್-ಆನ್ ಬೇಕಿತ್ತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳನ್ನ ಸೇರಿತು. ವಿಂಡೋಸ್ ತಾನಾಗಿ ಕನ್ನಡವನ್ನ ಒಳಗೆ ಬಿಟ್ಟುಕೊಂಡದ್ದು ಎಕ್ಸ್‌ಪಿಯಲ್ಲಿ, 'ತುಂಗಾ' ಅನ್ನೋ ಫಾಂಟ್ ಜೊತೆ. ಹೊರಗಿನವರು ಕೈ ಹಾಕೋಕೆ ಜಾಗ ಇರಬೇಕು ಅನ್ನೋ ಮಾತು ಬರೀ ಅಂದಚಂದದ್ದಲ್ಲ ಅಂತ ಹೇಳಿದ್ದು ಇದಕ್ಕೇ. ಕಂಪನಿಗೆ ನಿಮ್ಮ ನೆನಪಾಗೋವರೆಗೆ ಕಾಯೋದಾ, ನೀವೇ ಮಾಡಿಕೊಳ್ಳೋದಾ ಅನ್ನೋ ಪ್ರಶ್ನೆ ಅದು.

ಪುಕ್ಕಟೆ ಚಂದದ ಬೆಲೆ

ಹಾಗಂತ ಬೀಗ ಹಾಕಿದವರೆಲ್ಲ ಖಳನಾಯಕರು ಅಂತ ಅಂದ್ಕೋಬೇಡಿ. ಅವರ ಪರವಾಗಿಯೂ ಗಟ್ಟಿ ಕಾರಣ ಇದೆ.

1990ರ ದಶಕದ ಕೊನೆಯಲ್ಲಿ 'ಕಾಮೆಟ್ ಕರ್ಸರ್' ಅಂತ ಬಂತು. ಮೌಸ್ ಬಾಣವನ್ನ ಕಾರ್ಟೂನ್ ಮಾಡೋ ಪುಕ್ಕಟೆ ಸಾಫ್ಟ್‌ವೇರ್. ಪ್ರತಿ ಬಳಕೆದಾರನಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಬಾಣ ಬದಲಾದ ಸೈಟುಗಳ ಲೆಕ್ಕ ಇಡ್ತಿದೆ ಅನ್ನೋದು 1999ರಲ್ಲಿ ಬಯಲಾಯ್ತು. 'ಬಾಂಜಿಬಡ್ಡಿ' ಅನ್ನೋ ನೇರಳೆ ಬಣ್ಣದ ಗೊರಿಲ್ಲಾ ಡೆಸ್ಕ್‌ಟಾಪ್ ಮೇಲೆ ಕುಣೀತಾ ಇರ್ತಿತ್ತು. ಮಕ್ಕಳ ಮಾಹಿತಿ ಪಡೆದ ಪ್ರಕರಣದಲ್ಲಿ ಅದರ ಕಂಪನಿ 2004ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 75,000 ಡಾಲರ್ ದಂಡ ಕಟ್ಟಿತು.

ಕಂಪನಿಯವರೇ ಮಾಡಿದರೂ ಅಪಾಯ ತಪ್ಪಲಿಲ್ಲ. 2007ರ ವಿಂಡೋಸ್ ವಿಸ್ಟಾದಲ್ಲಿ ಪಕ್ಕದ ಪಟ್ಟಿಯಲ್ಲಿ 'ಗ್ಯಾಜೆಟ್'ಗಳಿದ್ದವು. 2012ರ ಜುಲೈನಲ್ಲಿ ಮೈಕ್ರೋಸಾಫ್ಟೇ ಅವನ್ನ ಆಫ್ ಮಾಡಿ ಅಂದಿತು. ಗ್ಯಾಜೆಟ್ ಮೂಲಕ ಬೇರೆಯವರು ಕಂಪ್ಯೂಟರನ್ನ ವಶ ಮಾಡಿಕೊಳ್ಳಬಹುದಿತ್ತು.

ಇನ್ನೊಂದು ಕಾರಣ ಲಿನಕ್ಸ್‌ನಿಂದ. ಎಲ್ಲವನ್ನೂ ಬದಲಿಸಬಹುದು ಅನ್ನೋದೇ ಅಲ್ಲಿನ ಹೆಮ್ಮೆ. ಆದರೆ 2019ರಲ್ಲಿ ಗ್ನೋಮ್ ಡೆಸ್ಕ್‌ಟಾಪ್‌ಗೆ ಆ್ಯಪ್ ಮಾಡೋ ಹಲವರು ಒಂದು ಬಹಿರಂಗ ಪತ್ರ ಬರೆದರು. ದಯವಿಟ್ಟು ನಮ್ಮ ಆ್ಯಪ್‌ಗಳಿಗೆ ನಿಮ್ಮ ಥೀಮ್ ಹೇರಬೇಡಿ ಅನ್ನೋದು ಅದರ ಸಾರ. ಬಳಕೆದಾರರ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಲಿನಕ್ಸ್ ಹಂಚೋರು ಮೊದಲೇ ಥೀಮ್ ಹಾಕಿ ಕೊಟ್ಟಾಗ ಬಟನ್ ಮೇಲಿನ ಅಕ್ಷರ ಕಾಣದೆ ಹೋಗ್ತಿತ್ತು, ಐಕಾನ್ ಅರ್ಥ ಕೆಡ್ತಿತ್ತು, ದೂರು ಮಾತ್ರ ಇವರ ಹೆಸರಿಗೆ ಬರ್ತಿತ್ತು. ಮಾಡದ ತಪ್ಪಿಗೆ ಬೈಸಿಕೊಳ್ಳೋದು ಯಾರಿಗೆ ಬೇಕು ಹೇಳಿ?

ಜಗಳ ಜೇಬಿಗೆ ಬಂತು

2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಬಟನ್ನನ್ನೇ ತೆಗೆದುಹಾಕಿತು. 'ಕ್ಲಾಸಿಕ್ ಶೆಲ್', ಸ್ಟಾರ್‌ಡಾಕ್‌ನ 'ಸ್ಟಾರ್ಟ್8' ಅದನ್ನ ವಾಪಸ್ ಕೊಟ್ಟವು. ಮಾರನೇ ವರ್ಷ ಮೈಕ್ರೋಸಾಫ್ಟ್ ಬಟನ್ ವಾಪಸ್ ತಂದಿತು, 2015ರ ವಿಂಡೋಸ್ 10ರಲ್ಲಿ ಮೆನುವನ್ನೂ ತಂದಿತು. ಕಂಪನಿ ತೆಗೆದದ್ದನ್ನ ಮೊದಲು ಉಳಿಸಿಕೊಟ್ಟದ್ದು ಆಡ್-ಆನ್‌ಗಳೇ.

ಫೋನಿನಲ್ಲೂ ಅದೇ. ಐಫೋನ್ ಬಂದದ್ದು 2007ರಲ್ಲಿ, ಹೋಮ್ ಸ್ಕ್ರೀನಿಗೆ ವಾಲ್‌ಪೇಪರ್ ಹಾಕೋಕೆ ಬಿಟ್ಟದ್ದು 2010ರಲ್ಲಿ. ಅಷ್ಟರೊಳಗೆ ಜನ ಜೈಲ್‌ಬ್ರೇಕ್ ಮಾಡಿ 'ವಿಂಟರ್‌ಬೋರ್ಡ್' ಹಾಕಿಕೊಂಡಿದ್ದರು. 2020ರಲ್ಲಿ ಐಒಎಸ್ 14 ಹೋಮ್ ಸ್ಕ್ರೀನಿಗೆ ವಿಜೆಟ್ ತಂದಾಗ ಡೇವಿಡ್ ಸ್ಮಿತ್ ಅವರ 'ವಿಜೆಟ್‌ಸ್ಮಿತ್' ಆ್ಯಪಿಗೆ ಜನ ಮುಗಿಬಿದ್ದರು. ಐಕಾನ್‌ಗೆ ಬೇರೆ ಬಣ್ಣ ಹಚ್ಚೋಕೆ, ಬೇಕಾದ ಜಾಗದಲ್ಲಿ ಇಡೋಕೆ ಆಪಲ್ ಬಿಟ್ಟದ್ದು 2024ರಲ್ಲಿ. ಆಂಡ್ರಾಯ್ಡ್ ಈ ವಿಷಯದಲ್ಲಿ ಧಾರಾಳ. ಲಾಂಚರ್ ಬದಲಿಸೋಕೆ ಅದು ಮೊದಲಿಂದಲೂ ಬಿಟ್ಟಿದೆ. ಲೈಟ್‌ಸ್ಟೆಪ್‌ನವರು ಒಂದು ಸಾಲು ತಿದ್ದಿ ಮಾಡ್ತಿದ್ದ ಕೆಲಸವನ್ನ ನೀವು ಎರಡು ಸಲ ಒತ್ತಿ ಮಾಡ್ತೀರಿ.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರ? ಕಂಪನಿಗಳು ಹೇಳೋ ಭದ್ರತೆಯ ಭಯ ನಿಜ, ಕಾಮೆಟ್ ಕರ್ಸರ್ ಅದಕ್ಕೆ ಸಾಕ್ಷಿ. ಆದರೆ ಇಂದು ನಾವು ಸಹಜ ಅಂದುಕೊಂಡ ವಿಜೆಟ್ ಆಗಲಿ, ಪರದೆ ಮೇಲಿನ ಕನ್ನಡವಾಗಲಿ, ಅದಕ್ಕಾಗಿ ಮೊದಲು ಕೈ ಕೆಸರು ಮಾಡಿಕೊಂಡವರು ಹೊರಗಿನವರು. ಅವರಿಗೆ ಬಾಗಿಲು ಪೂರ್ತಿ ಮುಚ್ಚಿದರೆ ಮುಂದಿನ ಒಳ್ಳೇ ಯೋಚನೆ ಬರೋದು ಎಲ್ಲಿಂದ?

ಮುಂದಿನ ಸಲ ನಿಮ್ಮ ಫೋನಿಗೆ ಹೊಸ ಐಕಾನ್ ಪ್ಯಾಕೋ, ಕೀಬೋರ್ಡ್ ಥೀಮೋ ಹಾಕುವಾಗ ಒಂದು ಕೆಲಸ ಮಾಡಿ. ಅದು ಯಾವ ಯಾವ ಅನುಮತಿ ಕೇಳ್ತಿದೆ ಅಂತ ನೋಡಿ. ಚಂದ ಮಾಡೋಕೆ ಬಂದವರಿಗೆ ನಿಮ್ಮ ಕಾಂಟ್ಯಾಕ್ಟ್ಸ್ ಪಟ್ಟಿ ಯಾಕೆ? ಬೇಡದ್ದನ್ನ ಕೇಳಿದರೆ ಬೇಡ ಅನ್ನಿ. ಕೇಳದಿದ್ದರೆ ಮನಸಾರೆ ಬದಲಿಸಿಕೊಳ್ಳಿ. ಫೋನ್ ನಿಮ್ಮದು.